ಹುಲ್ಲೆಗಳು ದಾಟುವವರೆಗೆ

ಲಂಡನ್ನಿನ ಕಿಂಗ್ಸ್‌ಬರಿಯ ಪ್ರೈಮರಿ ಶಾಲೆಯೊಂದರಲ್ಲಿ ನಾನು ಟೀಚಿಂಗ್ ಅಸಿಸ್ಟೆಂಟ್. ಪಾಠ ಮಾಡುವುದು ಕ್ಲಾಸ್ ಟೀಚರ್. ಬಣ್ಣ ಹಂಚುವುದು, ಅಳುವವರನ್ನು ಸುಮ್ಮನಾಗಿಸುವುದು, ಓದಿನಲ್ಲಿ ಹಿಂದೆ ಬಿದ್ದವರ ಪಕ್ಕ ಕೂರುವುದು ನನ್ನ ಪಾಲಿನದು. ಕಳೆದ ವರ್ಷ ನಮ್ಮ ಕ್ಲಾಸಿಗೆ ರೈಲಿನ ಬಗ್ಗೆ ಒಂದು ಪ್ರಾಜೆಕ್ಟ್ ಇತ್ತು. ಮನೆಯಲ್ಲಿ ಯಾರಾದರೂ ರೈಲಿನ ಕೆಲಸ ಮಾಡಿದವರಿದ್ದರೆ ಕರೆತನ್ನಿ ಎಂದು ಟೀಚರ್ ಹೇಳಿದ್ದರು. ಮೊದಲು ಒಬ್ಬ ಹುಡುಗನ ಅಪ್ಪ ಬಂದರು, ನೆಲದಡಿ ಓಡುವ ಟ್ಯೂಬ್ ರೈಲಿನ ಡ್ರೈವರ್. ಮರುವಾರ ಬಂದದ್ದು ಒಬ್ಬ ಚೀನೀ ಅಜ್ಜ.

ಮಗಳ ಮನೆಗೆ ಕೆಲವು ತಿಂಗಳಿಗೆಂದು ಬಂದಿದ್ದ ಅವರು ದಿನವೂ ಗೇಟಿನ ಬಳಿ ಮೊಮ್ಮಗಳಿಗೆ ಕಾಯುತ್ತಿದ್ದರು. ನನ್ನನ್ನು ಕಂಡರೆ ತಲೆ ಬಾಗಿಸಿ "ಹಲೋ" ಅನ್ನುವರು. ಅದು ಬಿಟ್ಟರೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಂದು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಿಸಿ ಕೂತರು. ಅವರು ಹೇಳಿದ್ದನ್ನು ಮೊಮ್ಮಗಳು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಬೇಕು ಎಂದು ಮಾತಾಗಿತ್ತು. ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿ ಅವಳು. ಅಂದು ಅಜ್ಜನ ತೋಳು ಹಿಡಿದುಕೊಂಡು ಸ್ಪಷ್ಟವಾಗಿ ಮಾತಾಡಿದಳು.

ಅಜ್ಜ ಎತ್ತರದ ಪ್ರಸ್ಥಭೂಮಿಯಲ್ಲಿ ಹಳಿ ಹಾಕಿದವರು. ಅಲ್ಲಿ ಉಸಿರಾಡಲು ಗಾಳಿ ಸಾಲದು, ರಾತ್ರಿ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡು ಮಲಗುತ್ತಿದ್ದೆವು ಎಂದರು. ಬೇಸಿಗೆ ಶುರುವಾಗುವಾಗ ಬಸುರಿ ಹುಲ್ಲೆಗಳು ಹಿಂಡುಹಿಂಡಾಗಿ ಆ ಬಯಲು ದಾಟಿ ಮರಿ ಹಾಕಲು ದೂರದ ಸರೋವರದ ಕಡೆ ಹೋಗುತ್ತವಂತೆ. ಮೊದಲ ಸಲ ಅವು ಮಣ್ಣಿನ ದಿಬ್ಬ, ಬಣ್ಣದ ಬಾವುಟ, ಯಂತ್ರಗಳನ್ನು ನೋಡಿ ಬೆದರಿ ನಿಂತುಬಿಟ್ಟವು. ಕೆಲಸ ನಿಲ್ಲಿಸಿ ಎಂದು ಮೇಲಿನಿಂದ ಆದೇಶ ಬಂತು. ಬಾವುಟ ಕಿತ್ತರು, ದೀಪ ಆರಿಸಿದರು, ಎಲ್ಲರೂ ಡೇರೆಯೊಳಗೆ ಕೂತರು. ಹಿಂಡು ಬರುವುದು, ನೋಡುವುದು, ಹಿಂದಿರುಗುವುದು. ಕೊನೆಗೆ ಒಂದು ಹುಲ್ಲೆ ಧೈರ್ಯ ಮಾಡಿತು, ಮಿಕ್ಕವು ಅದರ ಹಿಂದೆ ಓಡಿದವು. ಮುಂದೆ ಅವುಗಳಿಗೆಂದೇ ಕಟ್ಟಿದ ರೈಲುಸೇತುವೆಯ ಕೆಳಗೆ ನಡೆಯಲು ನಿಧಾನವಾಗಿ ಕಲಿತವು.

"ಅವು ಥ್ಯಾಂಕ್ಯೂ ಹೇಳಿದವಾ?" ಎಂದು ಒಬ್ಬ ಕೇಳಿದ. ಮೊಮ್ಮಗಳು ಅದನ್ನು ತಿರುಗಿಸಿ ಹೇಳಿದಾಗ ಅಜ್ಜ ಬಾಯಿ ತುಂಬ ನಕ್ಕರು. ಇಲ್ಲ, ನಮ್ಮ ಡೇರೆಯ ಪಕ್ಕ ಹಿಕ್ಕೆ ಹಾಕಿ ಹೋದವು ಎಂದರು. ಇಡೀ ಕ್ಲಾಸು ಕುಣಿದಾಡಿತು.

ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ದಾರಿಯಲ್ಲಿ ಮನುಷ್ಯರ ಮನೆ ಇದ್ದರೆ? ಆಗಲೂ ಕಾಯ್ತಿದ್ರಾ?"

ಅಜ್ಜ ನಿಧಾನವಾಗಿ ಏನೋ ಹೇಳಿದರು. ಮೊಮ್ಮಗಳು ತಿರುಗಿಸಿದಳು. "ಇಲ್ಲ. ಮನೆಯವರಿಗೆ ಬೇರೆ ಮನೆ ಕೊಡ್ತಿದ್ರು. ಅವರು ಹೋಗಬೇಕಿತ್ತು." ಅಜ್ಜ ಇನ್ನೂ ಒಂದು ಮಾತು ಸೇರಿಸಿದರು. ಅವಳು ಅದನ್ನು ತಿರುಗಿಸದೆ ಅಜ್ಜನನ್ನೇ ಚೀನೀ ಭಾಷೆಯಲ್ಲಿ ಏನೋ ಕೇಳಿದಳು. ಅವರು ಉತ್ತರಿಸಿದರು, ಅವಳು ಮತ್ತೆ ಕೇಳಿದಳು. ಟೀಚರ್ ಕಾದರು.

"ಅಜ್ಜನ ಅಮ್ಮನ ಮನೆಯೂ ಹೋಯ್ತಂತೆ," ಎಂದಳು ಕೊನೆಗೆ. "ಕೆಳಗಿನ ಊರಲ್ಲಿ, ಇನ್ನೊಂದು ಲೈನಿಗೆ. ಒಪ್ಪಿಕೋ ಅಂತ ಅಮ್ಮನಿಗೆ ಹೇಳಿದ್ದು ಅಜ್ಜನೇ ಅಂತೆ. ಉಳಿದಿದ್ದು ನಾನು ಹೇಳಲ್ಲ."

ಅಜ್ಜ ಅವಳ ತಲೆ ಸವರಿದರು. ಟೀಚರ್ ಚಪ್ಪಾಳೆ ತಟ್ಟಿಸಿ, ಬ್ರೇಕಿಗೆ ಬಿಟ್ಟರು.

ಹೇಳದೆ ಉಳಿಸಿಕೊಂಡದ್ದನ್ನು ಮೊಮ್ಮಗಳು ಮುಂದಿನ ದಿನಗಳಲ್ಲಿ ತಾನೇ ಒಂದೊಂದಾಗಿ ನನಗೆ ಹೇಳಿದಳು, ಪಕ್ಕದಲ್ಲಿ ಕೂತು ಓದುವಾಗ, ಪುಟದ ನಡುವೆ. ಮುತ್ತಜ್ಜಿಗೆ ಲಿಫ್ಟ್ ಇರುವ ಫ್ಲ್ಯಾಟ್ ಸಿಕ್ಕಿತಂತೆ. ಲಿಫ್ಟಿಗೆ ಹೆದರಿ ಮೆಟ್ಟಿಲೇ ಹತ್ತುತ್ತಿದ್ದಳಂತೆ. ಬಾಲ್ಕನಿಯಲ್ಲಿ ಈರುಳ್ಳಿ ಸೊಪ್ಪು ಬೆಳೆಸಿದಳಂತೆ. ಮಗನೊಡನೆ ಬಹಳ ಕಾಲ ಮಾತು ಬಿಟ್ಟಿದ್ದಳು. ಆದರೆ ಮೊದಲು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ನರಳಿಕೊಂಡು ಬರುತ್ತಿದ್ದ ಮಗ ಅದೇ ರೈಲಿನಿಂದಾಗಿ ತಿಂಗಳಿಗೊಮ್ಮೆ ಬರತೊಡಗಿದ. "ಆಮೇಲೆ ಅವಳು ಮಾತಾಡಿದಳು," ಎಂದಳು ಹುಡುಗಿ. "ಆದ್ರೆ ರೈಲಲ್ಲಿ ಮಾತ್ರ ಕೂರಲೇ ಇಲ್ಲ."

ನನಗೆ ನನ್ನ ಅಪ್ಪಯ್ಯ ನೆನಪಾದರು. ನಾನು ಚಿಕ್ಕವಳಿದ್ದಾಗ ಕುಂದಾಪುರದ ಕಡೆಗೆ ರೈಲು ಬಂತು, ನಮ್ಮ ಗದ್ದೆಯ ನಡುವೆಯೇ. ಮೊದಲ ರೈಲಿಗೆ ನಾವು ಮಕ್ಕಳೆಲ್ಲ ಕೈ ಬೀಸಿದ್ದೆವು. ಅಪ್ಪಯ್ಯ ಆ ದಿನ ಎಲ್ಲಿದ್ದರು ಎಂದು ನಾನು ಯೋಚಿಸಿಯೇ ಇರಲಿಲ್ಲ. ಒಂದು ಭಾನುವಾರ ಇಲ್ಲೇ ಹತ್ತಿರದ ಕೆಂಟನ್‌ನ ನಮ್ಮ ಮನೆಯಿಂದ ಊರಿಗೆ ಫೋನು ಮಾಡಿದೆ. ಅವರು ನನ್ನ ಅಣ್ಣನ ಮಕ್ಕಳೊಡನೆ ಕೇರಂ ಆಡುತ್ತಿದ್ದರು.

"ಅಪ್ಪಯ್ಯ, ರೈಲು ಬಂದ ದಿನ ನೀವು ಎಲ್ಲಿದ್ರಿ?"

"ಎಂತಕ್ಕೆ ಮಾರಾಯ್ತಿ, ಈಗ ಅದೆಲ್ಲ?"

"ಸುಮ್ನೆ. ಹೇಳಿ."

"ದನದ ಹಟ್ಟಿಲಿದ್ದೆ. ಗದ್ದೆ ಕೊಟ್ಟಿದ್ದಕ್ಕೆ ಬೇಜಾರೇನೂ ಇಲ್ಲೆ. ನೀವೆಲ್ಲ ಅದ್ರಲ್ಲೇ ಬೊಂಬಾಯಿಗೆ ಹೋದ್ರಿ, ಕಲ್ತ್ರಿ. ಆದ್ರೆ ಆ ಕಡೆ ಬೋಳಗುಡ್ಡೆಂದ ನರಿ ಇಳ್ದ್ ಬರ್ತಿದ್ದೊ ಅಲ್ದಾ? ಗದ್ದೆ ಏರಿ ಮೇಲೆ ಸಾಲಾಗಿ. ಮತ್ತೆ ಬರ್ಲಿಲ್ಲೆ. ಬೈಗಾದ್ ಮೇಲೆ ಕೂಗೂ ಇಲ್ಲೆ."

ಸ್ಪೀಕರಿನಲ್ಲಿ ಕೇಳುತ್ತಿದ್ದ ನನ್ನ ಮಗ ತನ್ನ ಆಟ ನಿಲ್ಲಿಸಿ, "ವಾಟ್ಸ್ ನರಿ?" ಎಂದ. ಕನ್ನಡ ಅರ್ಥವಾದರೂ ಅವನ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ.

"ಅಜ್ಜನನ್ನೇ ಕೇಳು," ಎಂದು ಫೋನು ಅವನ ಕೈಗೆ ಕೊಟ್ಟೆ. ಅವನು ಇಂಗ್ಲಿಷಿನಲ್ಲಿ, ಅಪ್ಪಯ್ಯ ಕುಂದಾಪುರದ ಕನ್ನಡದಲ್ಲಿ, ಇಬ್ಬರೂ ತಮ್ಮತಮ್ಮ ಭಾಷೆ ಬಿಡದೆ ಬಹಳ ಹೊತ್ತು ಮಾತಾಡಿದರು. ನರಿ ಹೇಗೆ ಕೂಗುತ್ತದೆ ಎಂದು ಅಪ್ಪಯ್ಯ ಕೂಗಿ ತೋರಿಸಿದಾಗ ಅಲ್ಲಿ ಅಣ್ಣನ ಮಕ್ಕಳು ನಗುವುದು ಇಲ್ಲಿಗೆ ಕೇಳಿಸಿತು.

ಚೀನೀ ಅಜ್ಜ ವಸಂತದಲ್ಲಿ ಊರಿಗೆ ಮರಳಿದರು. ಹೋಗುವ ಹಿಂದಿನ ದಿನ ಗೇಟಿನ ಬಳಿ ನನ್ನ ಕೈ ಕುಲುಕಿ ಏನೋ ಹೇಳಿದರು. ಏನೆಂದು ಮೊಮ್ಮಗಳನ್ನು ಕೇಳಿದೆ.

"ಕ್ಲಾಸಲ್ಲಿ ಮನೆ ಬಗ್ಗೆ ಆ ಪ್ರಶ್ನೆ ಕೇಳಿದ ಹುಡುಗಿಗೆ ಒಳ್ಳೇದಾಗಲಿ ಅಂತ ಹೇಳಬೇಕಂತೆ," ಎಂದಳು ಅವಳು. ಮರುದಿನ ಆ ಹುಡುಗಿಗೆ ಹೇಳಿದೆ.