ಕುಸುಬಿ ಎಣ್ಣೆ ಕುಡಿದ ಫಟಫಟಿ

ನಾನು ಚಿಕ್ಕವಳಿದ್ದಾಗ ಹುಮನಾಬಾದಿನ ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ಅಪ್ಪನ ತಾಯಿ ಆಯಿ, ನಾನು, ಇಷ್ಟು ಜನರ ಜೊತೆಗೆ ಒಂದು ಹಳೆಯ ಮೋಟರ್ ಸೈಕಲ್ಲೂ ಇತ್ತು. ಅದು ಮಲಗುತ್ತಿದ್ದುದು ಪಡಸಾಲೆಯಲ್ಲೇ. ಓಣಿಯವರು ಅದನ್ನು ಫಟಫಟಿ ಎನ್ನುತ್ತಿದ್ದರು. ಅಪ್ಪ ಮನ್ನಾಏಖೇಳ್ಳಿಯ ಶಾಲೆಯಲ್ಲಿ ಮಾಸ್ತರ. ದಿನವೂ ಅದರ ಮೇಲೆಯೇ ಹೋಗಿ ಬರುತ್ತಿದ್ದ.

ರವಿವಾರ ಬಂದರೆ ಅಂಗಳದಲ್ಲಿ ಗೋಣಿಚೀಲ ಹಾಸುತ್ತಿದ್ದೆವು. ಅಪ್ಪ ಪೆಟ್ರೋಲ್ ಬಂದ್ ಮಾಡಿ, ನಳಿಕೆ ಕಿತ್ತು, ಎರಡು ನಟ್ಟು ಬಿಚ್ಚಿ ಕಾರ್ಬೊರೇಟರನ್ನು ಹೊರಗೆ ತೆಗೆಯುತ್ತಿದ್ದ. ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಇಂಜಿನ್ನಿಗೆ ಉಣಿಸುವ ಪುಟ್ಟ ಡಬ್ಬಿ ಅದು. ಅದರೊಳಗಿನ ಹಿತ್ತಾಳೆಯ ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು, ಊದಿ, ಸೂರ್ಯನ ಕಡೆ ಹಿಡಿಯುವುದು ನನ್ನ ಕೆಲಸ. ಸಾಸಿವೆಗಿಂತ ಸಣ್ಣ ತೂತಿನಲ್ಲಿ ಬೆಳಕು ಮಿನುಗಿದರೆ ಸಾಕು, "ಕಂಡಿತು!" ಎಂದು ಕೂಗುತ್ತಿದ್ದೆ. ಬಾಯಿಯೆಲ್ಲ ಪೆಟ್ರೋಲ್ ವಾಸನೆ.

ಎಕ್ಸಿಲೇಟರ್ ಕೇಬಲ್ಲಿಗೆ ಎಣ್ಣೆ ಹಾಕುವ ರೀತಿ ಇನ್ನೂ ಚೆಂದ. ಹಿಡಿಕೆ ತಿರುವಿದರೆ ಒಳಗಿನ ತಂತಿ ಜಾರಬೇಕಲ್ಲ, ಅದಕ್ಕೆ ಅಪ್ಪ ಕೇಬಲ್ಲನ್ನು ಬಿಚ್ಚಿ ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕುತ್ತಿದ್ದ. ಮೇಲಿನ ತುದಿಗೆ ಅವ್ವ ಗೋಧಿ ಹಿಟ್ಟಿನ ಕಣಕದಿಂದ ಪುಟ್ಟ ಬಟ್ಟಲು ಕಟ್ಟಿಕೊಡುತ್ತಿದ್ದಳು. ಅದಕ್ಕೆ ಮಶೀನ್ ಎಣ್ಣೆ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಎಣ್ಣೆ ತಂತಿಯುದ್ದಕ್ಕೂ ಇಳಿದು ಕೆಳಗಿನ ತಟ್ಟೆಗೆ ತೊಟ್ಟಿಕ್ಕಿರುತ್ತಿತ್ತು. ಒಂದು ವರ್ಷ ಸಂಕ್ರಮಣದ ಹೊತ್ತಿಗೆ ಹಾಗೆ ಎಣ್ಣೆ ಹಾಕಿದ್ದಾಯಿತು. ನನಗೆ ಎಲ್ಲದರ ತಾರೀಖು ಗುರುತು ಹಾಕುವ ಹುಚ್ಚು ಇದ್ದುದರಿಂದ ಕ್ಯಾಲೆಂಡರಿನಲ್ಲಿ ಒಂದು ಕೇಬಲ್ ಚಿತ್ರವನ್ನೂ ಬರೆದಿದ್ದೆ.

ಯುಗಾದಿ ಕಳೆದು ಬಿಸಿಲು ಏರಿತು. ಒಂದು ಸಂಜೆ ಅಪ್ಪ ತಲೆತುಂಬ ಜೋಳದ ಒಣ ದಂಟಿನ, ಅಂದರೆ ಕಣಕಿಯ, ಚೂರು ಹೊತ್ತು ಮನೆಗೆ ಬಂದ. ಎಕ್ಸಿಲೇಟರ್ ತಿರುವಿದ್ದು ತಿರುವಿದಲ್ಲೇ ನಿಂತು, ಗಾಡಿ ರಸ್ತೆ ಬಿಟ್ಟು ಯಾರದೋ ಬಣವೆಗೆ ನುಗ್ಗಿತ್ತಂತೆ. ಅಪ್ಪನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. ಅಕ್ಕ ಮತ್ತು ನಾನು ಬಿದ್ದು ಬಿದ್ದು ನಕ್ಕೆವು. ಅವ್ವ ನಗಲಿಲ್ಲ.

"ಇವತ್ತ ಬಣವಿ ಇತ್ತು, ನಾಳಿ ಲಾರಿ ಇದ್ರ? ಗಾಡಿ ಮಾರ್ರಿ. ಇಲ್ಲಂದ್ರ ನಾ ತವರಿಗೆ ಹೋಗ್ತೀನಿ," ಎಂದಳು.

ಆ ವಾರ ಅಪ್ಪ ಕಾರ್ಬೊರೇಟರನ್ನು ನಾಲ್ಕು ಸಲ ಬಿಚ್ಚಿದ. ನಾನು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿದ್ದೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಕಲ್ಯಾಣದ ಒಬ್ಬ ಬಟ್ಟೆ ಅಂಗಡಿ ಸಾವಕಾರರಿಗೆ ಗಾಡಿಯ ದೋಷವನ್ನೂ ತಿಳಿಸಿ, ಮಾತು ಕೊಟ್ಟುಬಿಟ್ಟ. ಅವರು ರವಿವಾರ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಅಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ರವಿವಾರ ಬೆಳಿಗ್ಗೆ, ಕೊಡುವ ಮುಂಚೆ ತೊಳೆದು ಕೊಡೋಣವೆಂದು ಅಪ್ಪ ಐದನೆಯ ಸಲ ಕಾರ್ಬೊರೇಟರ್ ಬಿಚ್ಚಿದ. ಅದರೊಳಗೆ ಕೇಬಲ್ಲಿನ ತಂತಿ ಮೇಲೆ ಕೆಳಗೆ ಆಡಿಸುವ ಕೊಳವೆಯನ್ನು ಅಕ್ಕ ತಂತಿಯಿಂದ ಬಿಡಿಸಿ ಡಬ್ಬಿಗೆ ಬಿಟ್ಟಳು. ಅದು ಸರ್ರನೆ ಜಾರಿತು. ಆಮೇಲೆ ಅವಳು ಸುಮ್ಮನೆ ಹಿಡಿಕೆ ತಿರುವಿ ಬಿಟ್ಟಳು. ಬರಿಯ ತಂತಿ ಮೇಲೆ ಹೋಯಿತು. ಕೈಯಿಂದ ಎಳೆದರೂ ಕೆಳಗೆ ಬರಲಿಲ್ಲ.

"ಅಪ್ಪಾ, ಪಾಪ ಆ ಡಬ್ಬಿಗೆ ಯಾಕ ಬೈತೀ? ಕೇಬಲ್ಲೇ ಹಟ ಹಿಡದದ ನೋಡು!"

"ಏ, ಅದಕ್ಕ ನಾನ ಎಣ್ಣಿ ಹಾಕೀನಿ," ಎಂದ ಅಪ್ಪ.

ಅಕ್ಕ ತಂತಿಯ ತುದಿಯನ್ನು ಮುಟ್ಟಿದಳು. ಬೆರಳಿಗೆ ಹಳದಿ ಅಂಟು ಮೆತ್ತಿತು. ಮೂಸಿ ನೋಡಿ ಅವ್ವನ ಮೂಗಿನ ಹತ್ತಿರ ಹಿಡಿದಳು. ಅಡುಗೆ ಎಣ್ಣೆಯ ಗಿಂಡಿಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಕೈ ನೋಯಿಸಿಕೊಂಡವಳು ಅವ್ವ. ಅವಳಿಗೆ ಕೂಡಲೇ ಗೊತ್ತಾಯಿತು.

"ಇದು ಕುಸುಬಿ ಎಣ್ಣಿ! ಗಿಂಡಿಗೆ ಹತ್ತಿದ ಜಿಗಟು ಹಿಂಗೇ ಇರ್ತದ. ಇದರಾಗ ಯಾರು ಹಾಕಿದ್ರು?"

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಆಯಿ ಹೆಮ್ಮೆಯಿಂದ ಹೇಳಿದಳು: "ನಾನ! ಸಂಕ್ರಮಣದಾಗ ರಾತ್ರಿ ನೀರಿಗೆ ಎದ್ದಾಗ ಕಣಕದ ಬಟ್ಟಲ ಖಾಲಿ ಆಗಿತ್ತು. ಪಾಪ, ಉಪಾಸ ತೂಗಲಾಕತ್ತದ ಅಂತ ಎರಡು ಸಲ ತುಂಬಿಸೀನಿ. ಗಾಣದ್ದು, ಅಸಲಿ!"

"ಯವ್ವಾ, ಅದೇನು ಕೂಸಾ?" ಎಂದ ಅಪ್ಪ ತಲೆಯ ಮೇಲೆ ಕೈ ಹೊತ್ತು.

"ನೀನು ಕೂಸಿದ್ದಾಗ ಇದನ್ನ ಹಚ್ಚಿ ಎರದೀನಿ. ನೀನೇನು ಅಂಟಿಕೊಂಡಿಯೇನು?"

ಅಂಗಳವೆಲ್ಲ ನಗು. ಆದರೆ ಬಸ್ಸಿನ ಹೊತ್ತಾಗುತ್ತಿತ್ತು. ಕುಸುಬಿ ಎಣ್ಣೆ ತೆಳ್ಳಗೆ ಹರಡಿದರೆ ಸೆಕೆಗೆ ಒಣಗಿ ಗೋಂದಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಅದನ್ನು ಕೇಬಲ್ಲಿನಲ್ಲಿ ಹುಡುಕಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಕೇಬಲ್ಲನ್ನು ಹಿಟ್ಟು ನಾದುವ ಪರಾತದಲ್ಲಿ ಸುತ್ತಿಟ್ಟು ಸೀಮೆಎಣ್ಣೆ ಸುರಿದೆವು. ಆ ತುದಿ ಅಕ್ಕ, ಈ ತುದಿ ನಾನು. ಹಗ್ಗ ಜಗ್ಗಾಟ! ಮೊದಲು ಒಂದು ಕಾಳಿನಷ್ಟು, ಆಮೇಲೆ ಒಂದು ಬೆರಳಿನಷ್ಟು ತಂತಿ ಸರಿಯತೊಡಗಿತು. ಹಳದಿ ಗಸಿ ಹೊರಬಂತು. ಕಡೆಗೆ ಮಶೀನ್ ಎಣ್ಣೆ ಬಿಟ್ಟು ಜೋಡಿಸಿದ ಮೇಲೆ ಅಪ್ಪ ಅವ್ವನನ್ನು ಕರೆದ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹಿಡಿಕೆ ತಿರುವಿ ಬಿಟ್ಟಳು. ಟಪ್! ಅದು ಹಿಂದಕ್ಕೆ ಹಾರಿತು. ನಂಬದೆ ಇನ್ನೊಮ್ಮೆ ತಿರುವಿದಳು, ಮತ್ತೊಮ್ಮೆ ತಿರುವಿದಳು. "ಗಾಡಿ ಇರಲಿ ಬಿಡ್ರಿ," ಎಂದು ಅವ್ವ ಒಳಗೆ ಹೋದಳು. ನಾವಿಬ್ಬರೂ ಸೀಮೆಎಣ್ಣೆಯ ಕೈಯಲ್ಲೇ ಕುಣಿದೆವು.

ಅಷ್ಟರಲ್ಲಿ ಸಾವಕಾರರು ಬಂದರು. ಕೈಯಲ್ಲಿ ಗಾಡಿ ಪೂಜೆಗೆ ಚೆಂಡು ಹೂವಿನ ಹಾರ, ನಿಂಬೆಹಣ್ಣು! ಅಪ್ಪ ಸಂಕೋಚದಿಂದ ಕೈಮುಗಿದು ನಡೆದದ್ದೆಲ್ಲ ಹೇಳಿದ. ಸಾವಕಾರರು ಆಯಿಯ ಕಡೆ ನೋಡಿ ಹೊಟ್ಟೆ ಹಿಡಿದು ನಕ್ಕರು. "ತಂದ ಹಾರ ವಾಪಸ್ ಒಯ್ಯಬಾರದ್ರಿ ಮಾಸ್ತರ. ಹಾಕ್ರಿ ನಿಮ್ಮ ಗಾಡಿಗೇ!" ಎಂದರು. ಅವ್ವ ಅವರಿಗೆ ಹೊಟ್ಟೆ ತುಂಬ ಉಣಬಡಿಸಿದಳು. ಆಮೇಲೆ ಅಪ್ಪ ಅವರನ್ನು ಹಿಂದೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟ. ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಅಕ್ಕ. ಹಾರ ಹಾಕಿಕೊಂಡ ಗಾಡಿ ಮದುಮಗನಂತೆ ಹೋಯಿತು. ನಾನು ತಿರುವಿನವರೆಗೆ ಹಿಂದೆ ಓಡಿದೆ.

ಆ ಗಾಡಿ ಮತ್ತೆ ಎಷ್ಟೋ ವರ್ಷ ನಮ್ಮಲ್ಲೇ ಇತ್ತು. ಬೇಡವೆಂದ ಅವ್ವನೇ ಸಂಜೆ ಅದರ ಸದ್ದಿಗೆ ಕಿವಿಕೊಟ್ಟು ಕೂರುತ್ತಿದ್ದಳು. ಮಾಣಿಕನಗರದ ಕಡೆಯಿಂದ ಫಟ್ ಫಟ್ ಕೇಳಿಸಿತೆಂದರೆ ಹಂಚು ಒಲೆಯ ಮೇಲೆ ಏರುತ್ತಿತ್ತು. ಅಪ್ಪ ಕೈಕಾಲು ತೊಳೆಯುವಷ್ಟರಲ್ಲಿ ತಾಟಿನಲ್ಲಿ ಬಿಸಿ ರೊಟ್ಟಿ.

ಮಕ್ಕಳೇ, ನಿಮ್ಮ ಅಪ್ಪನ ಬ್ಯಾಟರಿ ಸ್ಕೂಟರಿನಲ್ಲಿ ಕಾರ್ಬೊರೇಟರೂ ಇಲ್ಲ, ಸದ್ದೂ ಇಲ್ಲ. ರಾತ್ರಿ ಅದಕ್ಕೆ ವೈರು ಚುಚ್ಚಿದರೆ ಮುಗಿಯಿತು. ಒಳ್ಳೆಯದೇ, ಹೊಗೆಯಿಲ್ಲ. ಆದರೆ ಅದು ಬೆಕ್ಕಿನಂತೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ನೀವು ಒಳಗೆ ನುಗ್ಗಿ "ಆಯಿ, ಹಸಿವು!" ಎನ್ನುವಾಗ ನನ್ನ ಹಂಚು ಇನ್ನೂ ತಣ್ಣಗಿರುತ್ತದೆ. ಓಣಿಯ ತಿರುವಿನಲ್ಲೇ ಒಮ್ಮೆ ಹಾರ್ನ್ ಹೊಡೆಯಲು ನಿಮ್ಮ ಅಪ್ಪನಿಗೆ ಹೇಳಿ.