ಪೂಜೆಗೆ ಎದುರಿಗಿಟ್ಟ ಪ್ರೋಗ್ರಾಮು

ಕೊಳ್ಳೇಗಾಲದಲ್ಲಿ ನಾನು ಪಾಠ ಮಾಡುವ ಲ್ಯಾಬಿನಲ್ಲಿ ನಿನ್ನೆ ಆಯುಧಪೂಜೆ. ಇವತ್ತು ಬೆಳಿಗ್ಗೆ ಕಂಪ್ಯೂಟರ್ ಪರದೆಯ ಮೇಲೆ ಒಣಗಿದ್ದ ಗಂಧ ಒರೆಸುವಾಗ, ಅದರ ವಾಸನೆಗೆ ನಮ್ಮೂರಿನ ಎದುರುಮನೆ ಅಕ್ಕ ನೆನಪಾದರು…

ನಮ್ಮೂರು ಹೊನ್ನೂರಿನಿಂದಾಚೆ. ಅಲ್ಲಿನ ಹಾಲಿನ ಡೇರಿಯಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಬರೆಯುತ್ತಿದ್ದರು. ಹಾಲಿನ ಲೆಕ್ಕವೆಲ್ಲ ಜಾವಾದಲ್ಲಿ ಬರೆದ ಪ್ರೋಗ್ರಾಮೊಂದರಲ್ಲಿತ್ತು. ಲೆಕ್ಕ ಕೂಡಿಟ್ಟ ಯಾವ ಡೇಟಾಬೇಸ್ ತೆರೆಯಬೇಕೆಂದು ಅದಕ್ಕೆ ಹೇಳುತ್ತಿದ್ದುದು ಅದೇ ಫೋಲ್ಡರಿನಲ್ಲಿ ಪಕ್ಕದಲ್ಲೇ ಇದ್ದ ಸಣ್ಣ ಕಾನ್ಫಿಗರೇಶನ್ ಫೈಲು.

ಒಂದು ವರ್ಷ ಪೂಜೆಯ ದಿನ ಡೇರಿಯ ಅಧ್ಯಕ್ಷರು ಪ್ರೋಗ್ರಾಮನ್ನು ಅದರ ಫೋಲ್ಡರಿನಿಂದ ಮೌಸಿನಲ್ಲಿ ಎಳೆದು ಪರದೆಯ ನಡುವೆ ಇಟ್ಟರು. “ಮೂಲೇಲಿದ್ರೆ ಆರತಿ ಎಂಗ್ಲಾ ಸಲ್ತದೆ?” ಅಂದರಂತೆ. ಅದರ ಮೇಲೇ ಕುಂಕುಮ ಇಟ್ಟರಂತೆ. ಫೈಲು ಹಳೆಯ ಜಾಗದಲ್ಲೇ ಉಳಿಯಿತು. ಮಾರನೆಯ ಬೆಳಿಗ್ಗೆ ಅಕ್ಕ ತೆರೆದಾಗ, ಪ್ರೋಗ್ರಾಮು ಪಕ್ಕದಲ್ಲಿ ಫೈಲನ್ನು ಹುಡುಕಿ, ಕಾಣದೆ, ಕಾಣಲಿಲ್ಲವೆಂದೂ ಹೇಳದೆ, ಕಲಿಯುವವರಿಗೆಂದು ತನ್ನೊಳಗೇ ಇದ್ದ ಖಾಲಿ ಡೇಟಾಬೇಸನ್ನು ತೆರೆದು ಕೂತಿತು. ಹಾಲು ಹಾಕುವವರಲ್ಲಿ ಒಬ್ಬರ ಹೆಸರೂ ಇಲ್ಲ.

“ಲೆಕ್ಕಾನೆಲ್ಲ ಅಳಿಸ್ಬುಟ್ಲು ಕಣ್ರಿ,” ಅಂದರು ಕ್ಯಾನು ಹಿಡಿದು ನಿಂತವರು. ಅಧ್ಯಕ್ಷರು ಅದನ್ನೇ ಡೇರಿಯ ಮೈಕಿನಲ್ಲಿ ಊರಿಗೆಲ್ಲ ಸಾರಿ, ಅಕ್ಕನಿಂದ ಬೀಗದ ಕೈ ಕಿತ್ತುಕೊಂಡರು.

ಭಾನುವಾರ ಊರಿಗೆ ಹೋದ ನಾನು ಪ್ರೋಗ್ರಾಮನ್ನು ಮತ್ತೆ ಫೈಲಿನ ಪಕ್ಕ ಇಟ್ಟೆ. ಎಲ್ಲರ ಹೆಸರೂ ಬಂತು. ನೀವು ಎಳೆದದ್ದರಿಂದಲೇ ಹೀಗಾಯಿತು ಎಂದು ಅಧ್ಯಕ್ಷರಿಗೆ ಹೇಳಿದೆ.

“ದ್ಯಾವ್ರ ಕೆಲ್ಸುಕ್ಕೆ ಮುಟ್ಟುದ್ದು ಕಣ್ರಿ ಸಾ, ಅದ್ರಲ್ಲಿ ತಪ್ಪೇನ? ಸಿಕ್ತಲ್ಲ, ಬುಡಿ.”

ಬಾಗಿಲಲ್ಲಿ ನಿಂತಿದ್ದ ಅಕ್ಕ ಅಂದರು: “ಅಳ್ಸುದ್ಲು ಅಂತ ಮೈಕಲ್ಲಿ ಏಳುದ್ರಲ್ಲ, ಅಳ್ಸಿಲ್ಲ ಅಂತ್ಲೂ ಮೈಕಲ್ಲೇ ಏಳಿ.”

“ಅದ್ಕೆಲ್ಲ ಮೈಕ್ ಯಾಕವ್ವ? ನಾಳಿಂದ ಬಂದು ಕೂತ್ಕೊ.”

ಆಗ ಅಕ್ಕನ ಕಣ್ಣು ತುಂಬಿತ್ತೆಂದು ನನ್ನ ನೆನಪು. ಅಥವಾ ಅದು ನಾನು ಆಮೇಲೆ ಸೇರಿಸಿಕೊಂಡದ್ದೋ… ಅವರು ಮೈಕನ್ನೇ ನೋಡುತ್ತಿದ್ದರು, ಅದು ಖಚಿತ. ಮರುದಿನ ಅವರು ಡೇರಿಗೆ ಬರಲಿಲ್ಲ. ಶಾಗ್ಯ ಎಂಬ ಊರಿನಲ್ಲಿದ್ದ ತಮ್ಮ ತಂಗಿಯ ಮನೆ ಸೇರಿದರು. ಈ ಬೇಸಿಗೆಯಲ್ಲಿ ಅಲ್ಲೇ ತೀರಿಕೊಂಡರು.

ಸುದ್ದಿ ಬಂದ ದಿನ ನಾನು ಡೇರಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದೆ.

“ಯಾರ್ಲಾ ತೀರೋದೋರು?” ಒಬ್ಬ ಕೇಳಿದ.

“ಅದೇ ಕಣ್ಲಾ, ಆಲಿನ ಲೆಕ್ಕ ಅಳ್ಸುದ್ಲಲ್ಲ, ಅವ್ಳು.”

ಬೆರಳಿಗೆ ಅಂಟಿದ ಗಂಧ ಇನ್ನೂ ಹೋಗಿಲ್ಲ. ಆ ಮೈಕು ಡೇರಿಯಲ್ಲಿ ಈಗಲೂ ಇದೆ. ಬೆಳಿಗ್ಗೆ ಸಂಜೆ ಹಾಲಿಗೆ ಕರೆಯುತ್ತದೆ. ಇನ್ನು ಅದರಲ್ಲಿ ಏನು ಹೇಳಿದರೂ ಅಕ್ಕನಿಗೆ ಕೇಳಿಸುವುದಿಲ್ಲ.