ಮುಖ ತಿರುಗಿಸಿದ ಗಿಳಿ

ಕವಲಂದೆಯ ಮಹದೇವಮ್ಮನವರ ಮಗಳ ಮದುವೆ ರವಿಕೆಯಲ್ಲಿ ಒಂದು ಗಿಳಿ ಮುಖ ತಿರುಗಿಸಿಕೊಂಡು ಕೂತಿತ್ತಲ್ಲ — ಅದನ್ನು ಹಾಗೆ ಕೂರಿಸಿದವಳು ನಾನು. ರತ್ನ ಅಲ್ಲ. ಅಚ್ಚು ಹಾಕಿದ ದಿನ ರತ್ನ ನಂಜನಗೂಡಿನಲ್ಲೇ ಇರಲಿಲ್ಲ. ಈ ಮೂರು ಮಾತು ಎಂಟು ವರ್ಷದಿಂದ ನನ್ನ ಗಂಟಲಲ್ಲಿದ್ದವು. ಈಗ ಬರೆದು ನೋಡಿದರೆ ನಾಲ್ಕು ಸಾಲೂ ತುಂಬಲಿಲ್ಲ. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ನನಗೇ ನಾಚಿಕೆಯಾಗುತ್ತದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಪ್ರೇಮ. ನಂಜನಗೂಡಿನಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ರವಿಕೆಗಳ ಮೇಲೆ ಮಿಷನ್ನಿನಲ್ಲಿ ಕಸೂತಿ ಹಾಕುವುದು ನನ್ನ ಕಸುಬು. ಈಗ ಕಂಪ್ಯೂಟರ್ ಮಿಷನ್ನುಗಳು ಬಂದಿವೆ, ಗುಂಡಿ ಒತ್ತಿ ಕಾಫಿ ಕುಡಿದು ಬರುವಷ್ಟರಲ್ಲಿ ಹೂವು ಅರಳಿರುತ್ತದೆ. ನನ್ನದು ಹಳೆಯ ದಾರಿ. ಬಟ್ಟೆಯನ್ನು ಮರದ ರಿಂಗಿಗೆ ಬಿಗಿದು, ಆ ರಿಂಗನ್ನು ಎರಡೂ ಕೈಯಿಂದ ಸೂಜಿಯ ಕೆಳಗೆ ಆಡಿಸಬೇಕು. ಸೂಜಿ ಇದ್ದಲ್ಲೇ ಕುಣಿಯುತ್ತಿರುತ್ತದೆ, ಓಡಾಡುವುದು ಬಟ್ಟೆ. ಹಾಗಾಗಿ ದುಡಿಮೆಯೆಲ್ಲ ಮುಂಗೈಯದು, ಬೆರಳುಗಳದು.

ದೇವರು ನನಗೆ ನೋವು ಕೊಟ್ಟದ್ದೂ ಸರಿಯಾಗಿ ಅಲ್ಲಿಗೇ! ಸಂಧಿವಾತ. ಮದುವೆಯಾಗಿ ನಾಲ್ಕನೇ ವರ್ಷಕ್ಕೆ ಶುರುವಾಯಿತು. ಡಾಕ್ಟರು ಸಮಾಧಾನವಾಗಿ ಹೇಳಿದರು: "ಇದು ಪೂರ್ತಿ ಹೋಗೋದಲ್ಲಮ್ಮ, ಇದರ ಜೊತೆ ಬಾಳೋದು ಕಲೀಬೇಕು." ಗಂಡನ ವಿಷಯದಲ್ಲಿ ನಮ್ಮಮ್ಮ ಹೇಳಿ ಕಳಿಸಿದ್ದೂ ಇದೇ ಮಾತು, ಹಾಗಾಗಿ ನನಗೆ ಅಭ್ಯಾಸವಿತ್ತು.

ಕಲಿತೆ. ಬೆಳಗ್ಗೆ ಎದ್ದಾಗ ಬೆರಳುಗಳು ನನ್ನವೇ ಅಲ್ಲ, ಮುಷ್ಟಿ ಕಟ್ಟುವುದಿಲ್ಲ. ಅರ್ಧ ಗಂಟೆ ಬಿಸಿನೀರಿನಲ್ಲಿ ಅದ್ದಿ ಮುದ್ದು ಮಾಡಿದ ಮೇಲೆ ಹತ್ತು ಗಂಟೆಯ ಹೊತ್ತಿಗೆ ಒಂದೊಂದಾಗಿ ಮಾತು ಕೇಳುತ್ತವೆ. ರಿಂಗಿಗೆ ಸ್ಪಂಜು ಸುತ್ತಿದೆ. ಕಾಲಿನ ಮಿಷನ್ನಿಗೆ ಮೋಟಾರು ಹಾಕಿಸಿದೆ. ನೋವು ಹೋಗಲಿಲ್ಲ. ಆದರೆ ಹಸಿರು ದಾರ ಹಾಕಿಕೊಂಡು ಒಂದು ಎಲೆಯನ್ನು ತುದಿಯಿಂದ ತುಂಬುತ್ತಾ ಬಂದರೆ ನೋವು ಕೊಂಚ ಸರಿದು ನನಗೂ ಜಾಗ ಬಿಡುತ್ತಿತ್ತು. ಎಲೆ ಮುಗಿಯುವವರೆಗೆ ನಾನು ಭಲೇ ಸಂತೋಷದ ಹೆಂಗಸು. ಮುಗಿದ ಮೇಲೆ ಇನ್ನೊಂದು ಎಲೆ ಶುರು ಮಾಡುತ್ತಿದ್ದೆ.

ಆದರೆ ಇದನ್ನು ಯಾರಿಗೂ ಹೇಳಿರಲಿಲ್ಲ. ಕೈ ಸರಿಯಿಲ್ಲದವಳಿಗೆ ಮದುವೆ ರವಿಕೆಯನ್ನು ಯಾರು ಕೊಡುತ್ತಾರೆ ಎಂಬ ಹೆದರಿಕೆ. ಗೊತ್ತಿದ್ದದ್ದು ಇಬ್ಬರಿಗೇ — ನನ್ನ ಯಜಮಾನರಿಗೆ ಮತ್ತು ರತ್ನಳಿಗೆ.

ರತ್ನ ನನ್ನ ಜೊತೆ ಕೆಲಸಕ್ಕಿದ್ದವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ತಿ. ನರಸೀಪುರದ ಆಚೆ ಹೆಮ್ಮಿಗೆಯವಳು. ಎರಡು ಬಸ್ಸು ಬದಲಿಸಿ ಬಂದು, ಬಂದವಳೇ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಅಚ್ಚು ಹಾಕುವುದು, ಕತ್ತರಿಸುವುದು, ರವಿಕೆ ಕೂಡಿಸುವುದು ಅವಳದು, ಕಸೂತಿ ನನ್ನದು. ನನ್ನ ಕೈ ಕೆಟ್ಟ ದಿನ ಅವಳು ಆಡುತ್ತಿದ್ದ ನಾಟಕವನ್ನು ನೋಡಬೇಕಿತ್ತು! ಯಾರಾದರೂ ಅಳತೆ ಕೊಡಲು ಬಂದರೆ ನಾನು ಟೇಪು ಮುಟ್ಟುವ ಮುಂಚೆಯೇ ಕಿತ್ತುಕೊಂಡು, "ಅಕ್ಕ ಡಿಸೈನ್ ಯೋಚ್ನೆ ಮಾಡ್ತಾವ್ರೆ, ತಲೆ ಕೆಡಿಸ್ಬಾರ್ದು, ಬನ್ನಿ ಇತ್ಲಾಗೆ" ಎನ್ನುತ್ತಿದ್ದಳು. ನಾನು ಮಹಾ ಯೋಚನೆಯಲ್ಲಿರುವವಳ ಹಾಗೆ ಸೂರು ನೋಡುತ್ತಾ ಕೂರುತ್ತಿದ್ದೆ. ಬಂದವರು ಹೋದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನನ್ನ ಗುಟ್ಟನ್ನು ಅವಳು ತನ್ನದೇ ಎಂಬಂತೆ ಕಾಯುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ, ಕಸೂತಿ ಪೂರ್ತಿ ಕಲಿತು ನರಸೀಪುರದಲ್ಲಿ ತನ್ನದೇ ಅಂಗಡಿ ತೆರೆಯುವುದು.

ಮಹದೇವಮ್ಮನವರು ಕವಲಂದೆಯಿಂದ ಬಂದು ಮಗಳ ಮದುವೆ ರವಿಕೆ ಕೊಟ್ಟರು. ತೋಳಿಗೊಂದು ಗಿಳಿ. ಹುಡುಗಿ ಕೈ ಮುಗಿದು ನಿಂತರೆ ಎರಡೂ ಗಿಳಿ ಎದುರುಬದುರಾಗಿ ಒಂದನ್ನೊಂದು ನೋಡಬೇಕು. ಆ ಮನೆಯಲ್ಲಿ ಮದುವೆಗೆ ಹಾಗೆಯೇ ಆಗಬೇಕಂತೆ.

ಇಂಥ ಜೋಡಿಗೆ ಅಚ್ಚು ಒಂದೇ. ತೆಳ್ಳನೆಯ ಕಾಗದದ ಮೇಲೆ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿರುತ್ತೇವೆ. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣ ಒರೆಸಿದರೆ ಚಿತ್ರ ಇಳಿಯುತ್ತದೆ. ಒಂದು ತೋಳು ಆದ ಮೇಲೆ ಕಾಗದವನ್ನು ಮಗುಚಿ ಹಾಕಿ ಇನ್ನೊಂದು ತೋಳಿಗೆ ಒರೆಸಬೇಕು, ಆಗ ಗಿಳಿ ಈ ಕಡೆ ತಿರುಗುತ್ತದೆ. ಹೊಲಿಗೆ ಕಲಿಯಲು ಬಂದ ಮೊದಲ ವಾರದಲ್ಲೇ ಹೇಳಿಕೊಡುವ ಪಾಠವಿದು.

ಆ ಎರಡು ದಿನ ರತ್ನ ರಜೆ, ಅವಳ ತಾಯಿಗೆ ಕಣ್ಣಿನ ಆಪರೇಷನ್. "ನಾನ್ ಬಂದ್ಮೇಲೆ ಅಚ್ಚಾಕ್ತೀನಿ ಅಕ್ಕ, ನೀವ್ ಮುಟ್ಬೇಡಿ" ಎಂದು ಹೇಳಿಯೇ ಹೋಗಿದ್ದಳು. ನಾನು ಕೇಳಲಿಲ್ಲ. ಇಪ್ಪತ್ತು ವರ್ಷದ ಕಸುಬಿನವಳಿಗೆ ಒಂದು ಅಚ್ಚು ಹಾಕಲು ಬರುವುದಿಲ್ಲವೇ ಎಂಬ ಬಿಂಕ. ಬೆರಳುಗಳು ಅಂದು ಬೆಳಗ್ಗೆ ಕಾಗದದ ಅಂಚನ್ನೇ ಹಿಡಿಯುತ್ತಿರಲಿಲ್ಲ — ಮಗುಚುವ ಬದಲು ಅಂಗೈಯಿಂದ ಸುಮ್ಮನೆ ಸರಿಸಿ, ಒರೆಸಿಬಿಟ್ಟೆ. ಎರಡು ದಿನ ಕೂತು ಎರಡೂ ಗಿಳಿಯನ್ನು ತುಂಬಿದೆ. ತೋಳುಗಳು ಬೇರೆ ಬೇರೆ ರಿಂಗಿನಲ್ಲಿ ಇರುತ್ತವಲ್ಲ, ಕಣ್ಣಿಗೆ ಬೀಳಲಿಲ್ಲ. ರತ್ನ ಮೂರನೇ ದಿನ ಬಂದು ಗಡಿಬಿಡಿಯಲ್ಲಿ ಕೂಡಿಸಿದಳು. ಅವಳಿಗೂ ಕಾಣಲಿಲ್ಲ, ಅವಳು ನನ್ನನ್ನು ಅಷ್ಟು ನಂಬಿದ್ದಳು.

ಮಹದೇವಮ್ಮ ಬಂದರು. ಹುಡುಗಿ ರವಿಕೆ ಹಾಕಿಕೊಂಡು ಬಂದು ಕೈ ಮುಗಿದು ನಿಂತಳು. ಒಂದು ಗಿಳಿ ಎದುರು ನೋಡುತ್ತಿತ್ತು, ಇನ್ನೊಂದು ಬೆನ್ನು ಹಾಕಿ ಕೂತಿತ್ತು.

"ಇದೇನವ್ವ ಪ್ರೇಮ, ಮದ್ವೆ ದಿನ್ವೇ ಮುನಿಸ್ಕೊಂಡು ಕೂತದಲ್ಲ ಇದು! ಯಾರ್ ಆಕುದ್ರು ಈ ಅಚ್ಚ?"

ಆಗ ನಾನು — ಒಂದು ಉಸಿರಿನಷ್ಟು ಹೊತ್ತೂ ಯೋಚಿಸಲಿಲ್ಲ — ಹೇಳಿದೆ: "ಅಚ್ಚು ಹಾಕಿದ್ದು ರತ್ನ ಕಣ್ರೀ. ನಾನು ನೋಡ್ಕೊಳ್ಳಿಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲವಾದರೆ ಪರವಾಗಿಲ್ಲ, ಅದಕ್ಕೆ ಮನಸ್ಸಿಲ್ಲ. ರತ್ನ ಅಲ್ಲೇ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು. ಅವಳು ಒಂದೇ ಮಾತು ಆಡಿದ್ದರೆ ಸಾಕಿತ್ತು, ಅಚ್ಚು ಹಾಕಿದ ದಿನ ತಾನು ಕೆಲಸಕ್ಕೇ ಬಂದಿರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಹೇಳಿದ್ದು, "ತಪ್ಪಾಯ್ತು ಕಣ್ರವ್ವ. ಸರಿ ಮಾಡ್ಕೊಡ್ತೀನಿ."

ಮಾಡಿಯೂ ಕೊಟ್ಟಳು. ನನ್ನ ಕೈ ಅಂದು ಪೂರ್ತಿ ಮುಷ್ಕರ. ರತ್ನ ಗಿಳಿಯ ತಲೆಯ ದಾರವನ್ನಷ್ಟೇ ಬಿಚ್ಚಿ, ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿ, ಹೊಸ ತಲೆ ತುಂಬಿದಳು. ಹಳೆಯ ಸೂಜಿತೂತುಗಳ ಮೇಲೆ ಒಂದು ಮಾವಿನ ಚಿಗುರು ಬಿಡಿಸಿದಳು. ಹೊರಟು ನಿಂತವಳು ಯಾರೋ ಕರೆದರೆಂದು ತಿರುಗಿ ನೋಡುವ ಹಾಗೆ ಆಯಿತು ಆ ಗಿಳಿ. ನಾನು ಹತ್ತು ಜನ್ಮ ಎತ್ತಿದರೂ ನನಗೆ ಅದು ಹೊಳೆಯುತ್ತಿರಲಿಲ್ಲ.

ಮಹದೇವಮ್ಮ ಮರುದಿನ ಬಂದು ನೋಡಿ ಕುಣಿದಾಡಿದರು. "ಒಂದ್ ಕರೀತದೆ, ಇನ್ನೊಂದ್ ತಿರುಗ್ ನೋಡ್ತದೆ! ನಿನ್ ಕೈಗೆ ಚಿನ್ನದ್ ಬಳೆ ತೊಡಿಸ್ಬೇಕು ಕಣವ್ವ ಪ್ರೇಮ!" ರತ್ನ ಊಟಕ್ಕೆ ಕೂತಿದ್ದಳು, ಒಳಕೋಣೆಯಲ್ಲಿ. ನಾನು ನಕ್ಕು ಸುಮ್ಮನಾದೆ. ಇದು ಎರಡನೆಯ ತಪ್ಪು, ಮತ್ತು ಇದಕ್ಕೆ ಗಡಿಬಿಡಿಯ ನೆಪವೂ ಇಲ್ಲ. ಕೆಡಿಸಿದವಳು ರತ್ನ, ಸರಿಪಡಿಸಿದವಳು ಪ್ರೇಮ ಎಂದು ಎರಡು ತಾಲ್ಲೂಕಿಗೆ ಸುದ್ದಿಯಾಯಿತು. ಮಹದೇವಮ್ಮನವರ ಬಾಯಿ ಅಂಥದ್ದು. ತಿರುಗಿ ನೋಡುವ ಗಿಳಿಯನ್ನೇ ಹಾಕಿಕೊಡಿ ಎಂದು ತಲಕಾಡಿನಿಂದಲೂ ಬಂದರು. ರತ್ನಳ ಗಿಳಿಯನ್ನು ನೋಡಿ ನೋಡಿ ನಾನು ಕಲಿತುಕೊಂಡೆ.

ರತ್ನ ಜಗಳವಾಡಲಿಲ್ಲ. ತಿಂಗಳು ಕಳೆದು, "ಬಸ್ಸಲ್ಲಿ ಓಡಾಡಕಾಗಲ್ಲ ಅಕ್ಕ" ಎಂದು ಕೆಲಸ ಬಿಟ್ಟಳು. ನರಸೀಪುರದಲ್ಲಿ ಒಂದು ಪುಟ್ಟ ಕೋಣೆ ಹಿಡಿದು ಅಂಗಡಿ ತೆರೆದಳು. ಅಲ್ಲೇ ಮಹದೇವಮ್ಮನವರ ತಂಗಿಯ ಮನೆ. ಸುದ್ದಿ ಅಲ್ಲಿಗೂ ಮುಟ್ಟಿ, ಜನ 'ಮುನಿಸಿನ ಗಿಳಿ ರತ್ನ' ಎಂದು ಹೆಸರಿಟ್ಟರು. ಲಂಗ ಹೊಲಿಸಿದರು, ಸೀರೆಗೆ ಫಾಲ್ಸು ಹಾಕಿಸಿದರು, ಮದುವೆ ರವಿಕೆ ಒಂದೂ ಕೊಡಲಿಲ್ಲ. ವರ್ಷದೊಳಗೆ ಅಂಗಡಿ ಮುಚ್ಚಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಡೆದದ್ದು ಅವಳ ಮುತ್ತು.

ಇನ್ನು ನಗುವ ಸಂಗತಿ ಕೇಳಿ. ಮೂರು ವರ್ಷದ ಹಿಂದೆ ಮುಂಗೈಗೆ ಪಟ್ಟಿ ಕಟ್ಟಿಕೊಳ್ಳಲೇಬೇಕಾಯಿತು, ಗುಟ್ಟು ರಟ್ಟಾಯಿತು. ಅಂಗಡಿ ಮುಚ್ಚುವ ದಿನ ಬಂತೆಂದುಕೊಂಡೆ. ಮಹದೇವಮ್ಮನವರೇ ಮೊದಲು ಬಂದದ್ದು. ಪಟ್ಟಿ ನೋಡಿ, "ಅಷ್ಟೇಯಾ? ನಂಗೂ ಮಂಡಿ ನೋವು, ಆದ್ರೂ ಬೆಳಗಾನೆದ್ದು ಅಂಗ್ಳ ಗುಡಿಸಲ್ವಾ? ನಿಧಾನಕ್ಕೇ ಕೊಡು" ಎಂದು ಇನ್ನೆರಡು ರವಿಕೆ ಕೊಟ್ಟು ಹೋದರು. ಒಬ್ಬರೂ ಬಿಟ್ಟು ಹೋಗಲಿಲ್ಲ. ಯಾವುದನ್ನು ಉಳಿಸಿಕೊಳ್ಳಲು ರತ್ನಳನ್ನು ಬಲಿ ಕೊಟ್ಟೆನೋ, ಅದಕ್ಕೆ ಅಪಾಯವೇ ಇರಲಿಲ್ಲ. ಅವತ್ತು ಇಡೀ ಮಧ್ಯಾಹ್ನ ನನಗೆ ಒಂದು ಎಲೆ ತುಂಬಲೂ ಆಗಲಿಲ್ಲ.

ಆದರೂ ಬಾಯಿ ಬಿಡಲಿಲ್ಲ. ಬಿಡಿಸಿದ್ದು ಕಳೆದ ತಿಂಗಳ ಒಂದು ಫೋನು. ನರಸೀಪುರದ ಹೊಲಿಗೆ ತರಬೇತಿಯ ಮೇಡಂ ಕರೆದರು: ನೋವನ್ನು ಗೆದ್ದ ಮಹಿಳೆ ಎಂದು ನಾನು ಬಂದು ಮಾತಾಡಬೇಕಂತೆ, ಜೊತೆಗೆ 'ನಿಮ್ಮ ಆ ಗಿಳಿ'ಯನ್ನು ಹೆಣ್ಣುಮಕ್ಕಳಿಗೆ ಕಲಿಸಬೇಕಂತೆ. ನೋವನ್ನು ನಾನು ಗೆದ್ದಿಲ್ಲ. ಒಂದೇ ಮನೆಯಲ್ಲಿದ್ದೇವೆ, ಅಷ್ಟೇ. ಅದನ್ನು ನಗುತ್ತಾ ಹೇಳಿಬಿಡಬಹುದು. ಆದರೆ 'ನಿಮ್ಮ ಗಿಳಿ' — ರತ್ನಳ ಊರಿನ ಪಕ್ಕದಲ್ಲೇ ನಿಂತು ಅದನ್ನು ನನ್ನದೆಂದು ಕಲಿಸುವುದೇ? ಮಾರನೆಯ ದಿನವೇ ಹೆಮ್ಮಿಗೆಯ ಬಸ್ಸು ಹತ್ತಿದೆ.

ರತ್ನ ಜಗಲಿಯ ಮೇಲೆ ಸೀರೆಗೆ ಫಾಲ್ಸು ಹಾಕುತ್ತಿದ್ದಳು. ಎದ್ದು ಬಂದು ಕೇಳಿದ ಮೊದಲ ಮಾತು, "ಕೈ ಎಂಗದೆ ಅಕ್ಕ?" ನಾನು ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಅವಳು ನೀರು ತಂದುಕೊಟ್ಟು, ನಾನು ಅತ್ತು ಮುಗಿಸುವವರೆಗೆ ಸೂಜಿಗೆ ದಾರ ಪೋಣಿಸುತ್ತಾ ಕೂತಳು.

"ಅವತ್ತು ಯಾಕೆ ಸುಮ್ಮನಿದ್ದೆ ರತ್ನ?"

"ನಿಮ್ ಬೆರಳು ಊದ್ಕಂಡಿದ್ವು. ಬಾಯ್ಬುಟ್ರೆ ನಿಮ್ಮಂಗ್ಡಿ ಮುಚ್ಚೋಯ್ತದೆ ಅಂದ್ಕಂಡೆ. ದಡ್ಡಿ ನಾನು." ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಇದ್ನೆಲ್ಲ ನಂಗ್ಯಾಕ್ ಏಳ್ತೀರಿ ಅಕ್ಕ? ನಂಗ್ ಗೊತ್ತಿರೋದೇ ತಾನೇ. ಗೊತ್ತಿಲ್ದಿರೋರ್ಗೆ ಏಳಿ. ಇನ್ನೊಂದ್ ಮಾತು — ಕೈ ನೋವಿತ್ತು ಅಂತ ಮಾತ್ರ ಅನ್ಬೇಡಿ. ಅಂದ್ರೆ ಎಲ್ರೂ ಅಯ್ಯೋ ಪಾಪ ಅಂತಾರೆ. ಆ ಅಯ್ಯೋ ಪಾಪ ನಿಮ್ ಪಾಲಾಯ್ತದೆ, ತಪ್ಪು ನನ್ ತಾವೇ ಉಳೀತದೆ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಬಸ್ ಸ್ಟಾಪಿನವರೆಗೆ ಬಂದು, ಹತ್ತುವಾಗ ನನ್ನ ಚೀಲ ಮಾತ್ರ ತಾನೇ ಎತ್ತಿಕೊಟ್ಟಳು. ತರಬೇತಿಯ ಮೇಡಂಗೆ ಫೋನು ಮಾಡಿ, ಗಿಳಿ ಬೇಕಿದ್ದರೆ ಹೆಮ್ಮಿಗೆಯ ರತ್ನಳನ್ನು ಕರೆಯಿರಿ, ಅದು ಅವಳದು ಎಂದೆ. ಅವಳು ಬರುತ್ತೇನೆ ಎಂದೂ ಅಂದಿಲ್ಲವಂತೆ, ಬರುವುದಿಲ್ಲ ಎಂದೂ ಅಂದಿಲ್ಲವಂತೆ.

ನಿನ್ನೆ ಕವಲಂದೆಗೆ ಹೋದೆ. ಮಹದೇವಮ್ಮ ನೆರೆಯ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಕರೆದರು, ನಾನು ಹೋಗಲಿಲ್ಲ. ಎಲ್ಲರ ಮುಂದೆ ನಿಂತೇ ಹೇಳಿದೆ: ಅಚ್ಚು ಹಾಕಿ ಕೆಡಿಸಿದ್ದು ನಾನು, ತಲೆ ತಿರುಗಿಸಿ ಸರಿ ಮಾಡಿದ್ದು ರತ್ನ, ನಾನು ಹೇಳಿದ್ದು ಸುಳ್ಳು.

ಮಹದೇವಮ್ಮನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. "ಎಂಟ್ ವರ್ಸ ಆ ಎಣ್ಮಗ್ಳ ಎಸ್ರ ಎತ್ತಿ ಆಡ್ಕೊಂಡ್ ನಕ್ಕಿದ್ದೀನಲ್ಲೇ! ನನ್ ಬಾಯಲ್ಲಿ ಎಂಥ ಪಾಪ ಆಡಿಸ್ಬುಟ್ಯೇ ಪ್ರೇಮ!" ಎಂದು ಚೆನ್ನಾಗಿ ಬೈದರು. ಬೈಸಿಕೊಂಡೆ. ಆಮೇಲೆ ಅವರ ಕಣ್ಣು ನನ್ನ ಮುಂಗೈಯ ಪಟ್ಟಿಯ ಮೇಲೆ ಬಿತ್ತು. ದನಿ ಮೆತ್ತಗಾಯಿತು.

"ಓಗ್ಲಿ ಬುಡು. ಅವತ್ತು ನಿಂಗೂ ಕೈ ನೋವಿತ್ತೇನೋ, ಪಾಪ."

ನೆರೆಯವರೆಲ್ಲ ಆಗಲೇ ಅಯ್ಯೋ ಎನ್ನಲು ಬಾಯಿ ತೆರೆದಿದ್ದರು.

"ಇತ್ತು ಕಣ್ರವ್ವ," ಎಂದೆ. "ನೋವಿದ್ದದ್ದು ಕೈಗೆ. ಸುಳ್ಳು ಹೇಳಿದ್ದು ಬಾಯಿ. ಬಾಯಿಗೆ ಏನೂ ಆಗಿರಲಿಲ್ಲ."